ಗೇಟಿನ ಕ್ಯಾಮೆರಾದಲ್ಲಿ ಡ್ರೈವರ್ ಮುಖದ ಬದಲು ಆಕಾಶ ಕಾಣುತ್ತಿದೆಯಾ? ಮೊದಲು ಒಂದು ಕೊಡೆ ತನ್ನಿ

ಕಾರವಾರದಿಂದ ಅಂಕೋಲಾ ಕಡೆ ಬರುವಾಗ ಹೆದ್ದಾರಿ ಪಕ್ಕದಲ್ಲೇ ಒಂದು ಐಸ್ ಪ್ಲಾಂಟ್ ಇದೆ. ಮೀನಿನ ಲಾರಿ, ವ್ಯಾಪಾರಿಗಳ ಕಾರು, ಟೆಂಪೋ ಎಲ್ಲವೂ ಒಂದೇ ಗೇಟಿನಿಂದ ಒಳಗೆ ಬರಬೇಕು. ಆ ಗೇಟಿಗೆ ಕ್ಯಾಮೆರಾ ಹಾಕಿಕೊಟ್ಟವನು ನಾನೇ. ಹೋದ ವರ್ಷ ಡಿಸೆಂಬರಿನಲ್ಲಿ ಮಾಲೀಕರು ಫೋನ್ ಮಾಡಿದರು. "ಕ್ಯಾಮೆರಾ ಹೋಗಿದೆ ಮಾರಾಯ್ರೇ, ಬದಲಿಸಿಬಿಡಿ. ನಂಬರ್ ಪ್ಲೇಟ್ ಕಾಣ್ತದೆ, ಒಳಗೆ ಯಾರು ಕೂತಿದ್ದಾರೆ ಅಂತ ಮಾತ್ರ ಕಾಣೋದಿಲ್ಲ."

ಅದರ ಹಿಂದಿನ ವಾರ ಮೀನಿನ ಬಾಕ್ಸು ಲೆಕ್ಕಕ್ಕೆ ಕಮ್ಮಿ ಬಂದಿತ್ತಂತೆ. ಗೇಟಿನ ವಾಚ್‌ಮನ್ "ಲಾರಿ ಓಡಿಸಿದ್ದು ದಿನಾ ಬರೋ ಡ್ರೈವರ್ ಅಲ್ಲ, ಬೇರೆಯವನು" ಅಂತ ಹೇಳಿದ್ದರು. ರೆಕಾರ್ಡಿಂಗ್ ತೆಗೆದು ನೋಡಿದರೆ ಲಾರಿಯ ಮುಂಗಾಜಿನ ತುಂಬ ಬರೀ ಬಿಳಿ ಬೆಳಕು. ಅವರ ಮಾತಿಗೆ ಸಾಕ್ಷಿ ಸಿಗಲಿಲ್ಲ. ಅರವತ್ತು ದಾಟಿದ ಮನುಷ್ಯ. ನನ್ನ ಹತ್ತಿರ ಮಾತಾಡುವಾಗ ಅವರ ದನಿ ನಡುಗುತ್ತಿತ್ತು. ಅದಾದ ಮೇಲೆ ಇದು ನನಗೆ ಬರೀ ವೈರು, ಕಂಬದ ಕೆಲಸವಾಗಿ ಉಳಿಯಲಿಲ್ಲ.

ಕ್ಯಾಮೆರಾ ಕೆಟ್ಟಿರಲಿಲ್ಲ. ಇಂದಿಗೂ ಅದೇ ಕ್ಯಾಮೆರಾ ಅಲ್ಲಿ ಕೆಲಸ ಮಾಡುತ್ತಿದೆ. ಇಂಥ ದೂರು ಬಂದಾಗ ದೋಷ ಎಲ್ಲಿದೆ ಅಂತ ಹುಡುಕುವ ದಾರಿ ಒಂದಿದೆ. ಅದಕ್ಕೆ ಬೇಕಾದ್ದು ಒಂದು ಕಪ್ಪು ಕೊಡೆ, ಒಂದು ಪೋಲರೈಸ್ಡ್ ಕೂಲಿಂಗ್ ಗ್ಲಾಸ್, ಲೈವ್ ನೋಡೋಕೆ ಮೊಬೈಲು, ಮತ್ತೆ ದೂರು ಬಂದ ಗಂಟೆಗೇ ಹೋಗಿ ನಿಲ್ಲುವ ತಾಳ್ಮೆ. ಕೊನೆಯದು ತುಂಬ ಮುಖ್ಯ. ಸಂಜೆ 5ಕ್ಕೆ ಬರುವ ತೊಂದರೆಯನ್ನು ಬೆಳಿಗ್ಗೆ 11ಕ್ಕೆ ಹೋಗಿ ಹುಡುಕಿದರೆ ಏನೂ ಸಿಗುವುದಿಲ್ಲ.

ಗಾಜಿನ ಮೇಲೆ ಎರಡು ಚಿತ್ರ

ಮುಂಗಾಜು ಕಿಟಕಿಯೂ ಹೌದು, ಕನ್ನಡಿಯೂ ಹೌದು. ನೇರ ಎದುರಿಂದ ನೋಡಿದರೆ ಗಾಜಿನ ಎರಡೂ ಮೈ ಸೇರಿ, ಬಿದ್ದ ಬೆಳಕಿನಲ್ಲಿ 100ಕ್ಕೆ ಸುಮಾರು 8 ಪಾಲನ್ನು ವಾಪಸ್ ಕಳಿಸುತ್ತವೆ. ನೋಟ ಓರೆಯಾದಷ್ಟೂ ಇದು ಜಾಸ್ತಿ ಆಗುತ್ತದೆ. ನೇರ ಎದುರಿನ ನೋಟದಿಂದ 70 ಡಿಗ್ರಿ ಓರೆಯಾದರೆ ಒಂದೇ ಮೈಯಿಂದ 17 ಪಾಲು ವಾಪಸ್ ಬರುತ್ತದೆ. ಎಂಟು, ಹದಿನೇಳು ಅಂದರೆ ಕಮ್ಮಿ ಅನ್ನಿಸಬಹುದು. ಆದರೆ ಅದು ಬಿಸಿಲಿನ ಆಕಾಶದ ಬೆಳಕು. ಒಳಗೆ ಕೂತವರ ಮುಖದ ಮೇಲೆ ಬೀಳುವುದು ಹೊರಗಿನ ಬೆಳಕಿನ ಒಂದು ಸಣ್ಣ ಪಾಲು. ಅದೂ ಹೊರಗೆ ಬರುವಾಗ ಮತ್ತೆ ಗಾಜು ದಾಟಬೇಕು. ಗಾಜು 70 ಪಾಲು ಬೆಳಕು ಬಿಡುತ್ತದೆ ಅಂತಿಟ್ಟುಕೊಳ್ಳಿ. ಒಳಗೆ ಹೋಗುವಾಗ 70, ಹೊರಗೆ ಬರುವಾಗ ಅದರ 70. ಉಳಿದದ್ದು 49. ಅರ್ಧ ಬೆಳಕು ಗಾಜಿಗೇ ಹೋಯಿತು.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಂಡರೆ ತುಂಬ ದುಡ್ಡು ಉಳಿಯುತ್ತದೆ. ಅಂಗಡಿಯವರು ಇಂಥ ದೂರಿಗೆ "ಡಬ್ಲ್ಯೂಡಿಆರ್ ಇರೋ ಕ್ಯಾಮೆರಾ ಹಾಕಿ, 120 ಡಿಬಿ ಇದೆ" ಅನ್ನುತ್ತಾರೆ. ಡಬ್ಲ್ಯೂಡಿಆರ್ (ವೈಡ್ ಡೈನಾಮಿಕ್ ರೇಂಜ್) ಒಳ್ಳೆಯದೇ. ಕಡಿಮೆ ಮತ್ತು ಜಾಸ್ತಿ ಬೆಳಕಿನ ಎರಡು ಮೂರು ಚಿತ್ರ ತೆಗೆದು ಒಟ್ಟು ಸೇರಿಸುತ್ತದೆ, ಹಾಗಾಗಿ ಬಿಸಿಲಿನ ರಸ್ತೆಯೂ ಕಾಣುತ್ತದೆ, ನೆರಳಿನ ಗೇಟೂ ಕಾಣುತ್ತದೆ. ಆದರೆ ಅದು ಬೇರೆ ಬೇರೆ ಜಾಗದಲ್ಲಿರುವ ಬೆಳಕು ಕತ್ತಲೆಯನ್ನು ಮಾತ್ರ ಸರಿದೂಗಿಸುತ್ತದೆ. ಗಾಜಿನ ಮೇಲೆ ಆಗುವುದು ಅದಲ್ಲ. ಅಲ್ಲಿ ಒಂದೇ ಜಾಗದಲ್ಲಿ ಎರಡು ಚಿತ್ರ ಒಂದರ ಮೇಲೊಂದು ಕೂತಿರುತ್ತವೆ, ಡ್ರೈವರ್ ಮುಖದ ಮೇಲೆ ಆಕಾಶ. ಹಾಲಿಗೆ ಬಿದ್ದ ನೀರನ್ನು ಆಮೇಲೆ ತೆಗೆಯಲು ಆಗುವುದಿಲ್ಲ ಅಲ್ವಾ, ಹಾಗೆ. ಆಕಾಶದ ಬೆಳಕು ಲೆನ್ಸಿಗೆ ಬರುವ ಮೊದಲೇ ತಡೆಯಬೇಕು.

ಮೊದಲು ಅಂಗೈ, ಆಮೇಲೆ ಕೊಡೆ

ಕ್ಯಾಮೆರಾ ಹತ್ತಿರ ಏಣಿ ಇಟ್ಟು ಹತ್ತಿ. ಲೆನ್ಸಿನ ಮೇಲೆ ಬಿಸಿಲು ಬೀಳದ ಹಾಗೆ ಅಂಗೈ ಅಡ್ಡ ಹಿಡಿಯಿರಿ. ಕೈ ಚಿತ್ರದೊಳಗೆ ಬರಬಾರದು, ನೆರಳು ಮಾತ್ರ ಕ್ಯಾಮೆರಾದ ಗಾಜಿನ ಮೇಲೆ ಬೀಳಬೇಕು. ಆಗ ಚಿತ್ರದ ಬಿಳಿ ಮಬ್ಬು ಇಡೀ ಪರದೆಯಿಂದ ಒಮ್ಮೆಲೇ ಹೋದರೆ ದೋಷ ವಾಹನದ ಗಾಜಿನದಲ್ಲ, ಕ್ಯಾಮೆರಾದ ಮುಂದಿನ ಗಾಜಿನದು. ನಮ್ಮ ಕರಾವಳಿಯಲ್ಲಿ ಇದು ತುಂಬ ಸಾಮಾನ್ಯ. ಕಡಲಿನ ಗಾಳಿ ತರುವ ಉಪ್ಪು ಆ ಗಾಜಿನ ಮೇಲೆ ತೆಳ್ಳಗೆ ಕೂರುತ್ತದೆ. ಬೆರಳಿನಿಂದ ಸವರಿದರೆ ಜಿಗುಟು, ನಾಲಿಗೆಗೆ ಹಚ್ಚಿದರೆ ಉಪ್ಪೇ. ನೆರಳಿನಲ್ಲಿ ಅದು ಕಾಣುವುದೇ ಇಲ್ಲ, ಬಿಸಿಲು ಬಿದ್ದ ಕೂಡಲೇ ಇಡೀ ಗಾಜು ಹಾಲಿನ ಹಾಗೆ ಬೆಳಗುತ್ತದೆ.

ಒಣ ಬಟ್ಟೆಯಲ್ಲಿ ಒರೆಸಬೇಡಿ, ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ಒಳ್ಳೆಯ ನೀರು ಹಾಕಿ ಕರಗಿಸಿ, ಆಮೇಲೆ ಮೆತ್ತನೆ ಬಟ್ಟೆ. ಡೋಮ್ ಕ್ಯಾಮೆರಾ ಆದರೆ ಅದರ ಪ್ಲಾಸ್ಟಿಕ್ ಬಟ್ಟಲು ಬಿಸಿಲಿಗೆ ಹಳದಿಯಾಗಿದೆಯಾ ನೋಡಿ. ಹಳದಿಯಾಗಿದ್ದರೆ ಬಟ್ಟಲು ಬದಲಿಸಲೇಬೇಕು, ತೊಳೆದು ಏನೂ ಪ್ರಯೋಜನ ಇಲ್ಲ. ಗೇಟಿಗೆ ಡೋಮ್ ಹಾಕದೇ ಇರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಅಂಗೈ ಹಿಡಿದರೂ ವಾಹನದ ಗಾಜಿನ ಬಿಳುಪು ಹಾಗೇ ಇದೆ, ಉಳಿದ ಚಿತ್ರ ಚೊಕ್ಕಟ ಇದೆ ಅಂದರೆ ಅದು ಪ್ರತಿಫಲನ. ಈಗ ಕೊಡೆ ಬಿಚ್ಚಿ.

ಒಂದು ಕಾರನ್ನು ದಿನಾ ನಿಲ್ಲುವ ಜಾಗದಲ್ಲೇ ನಿಲ್ಲಿಸಿ. ಒಬ್ಬರು ಮೊಬೈಲಿನಲ್ಲಿ ಲೈವ್ ನೋಡುತ್ತಿರಲಿ. ಇನ್ನೊಬ್ಬರು ಕಪ್ಪು ಕೊಡೆಯನ್ನು ಮುಂಗಾಜಿನ ಮೇಲೆ ಎತ್ತಿ ಹಿಡಿದು ನಿಧಾನಕ್ಕೆ ಆಚೀಚೆ ಸರಿಸಲಿ. ಸರಿಯಾದ ಜಾಗಕ್ಕೆ ಬಂದಾಗ ಏನಾಗುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡಬೇಕು. ಬೆಳ್ಳಗಿದ್ದ ಗಾಜಿನಲ್ಲಿ ಕೊಡೆಯ ಆಕಾರದ ಒಂದು ಕಿಂಡಿ ತೆರೆದುಕೊಳ್ಳುತ್ತದೆ. ಆ ಕಿಂಡಿಯೊಳಗೆ ಸ್ಟೇರಿಂಗ್, ಅದನ್ನು ಹಿಡಿದ ಬೆರಳು, ಡ್ಯಾಶ್‌ಬೋರ್ಡಿನ ಮೇಲಿನ ಸಣ್ಣ ಗಣಪತಿ, ಎಲ್ಲ ಸ್ಪಷ್ಟ. ಕೊಡೆಯ ಅಂಚಿನಾಚೆ ಮತ್ತೆ ಬಿಳಿ ಮೋಡ. ಕೊಡೆ ಸರಿದರೆ ಕಿಂಡಿಯೂ ಸರಿಯುತ್ತದೆ. ಆಗ ಕೊಡೆ ಎಲ್ಲಿತ್ತೋ, ಅಲ್ಲಿಂದಲೇ ಹೊಳಪು ಬರುತ್ತಿದೆ. ರೋಗ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದ ಹಾಗೆ.

ಕೊಡೆ ಹಿಡಿದ ಮೇಲೆ ಗಾಜಿನ ಬಿಳುಪು ಹೋಗಿ, ಒಳಗೆ ಬರೀ ಕಪ್ಪು ಕಂಡರೆ ಅದು ಬೇರೆ ದೋಷ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಅಳತೆ) ತಪ್ಪಿದೆ ಅಥವಾ ಗಾಜಿಗೆ ಕಪ್ಪು ಫಿಲ್ಮ್ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾರು ಬೇರೆ, ಲಾರಿ ಬೇರೆ

ಐಸ್ ಪ್ಲಾಂಟಿನಲ್ಲಿ ಕಾರಿಗೆ ಕೊಡೆ ಹಿಡಿದಾಗ ಕಿಂಡಿ ಬಂತು. ಲಾರಿಗೆ ಅದೇ ರೀತಿ ಹಿಡಿದೆ, ಏನೂ ಆಗಲಿಲ್ಲ. ಗಾಜಿನ ಮೇಲೆ, ಎಡಕ್ಕೆ, ಬಲಕ್ಕೆ ಎಲ್ಲ ಹಿಡಿದು ನೋಡಿದೆ. ಕೊನೆಗೆ ಬಿಸಿಲಿಗೆ ಬೇಸರವಾಗಿ ಕ್ಯಾಮೆರಾ ಕಂಬದ ಬುಡಕ್ಕೆ ಬಂದು ಏಣಿ ಹತ್ತಿ, ಕ್ಯಾಮೆರಾದ ತಲೆಯ ಹಿಂದೆ ಕೊಡೆ ಹಿಡಿದಾಗ ವಾಚ್‌ಮನ್ ಅಲ್ಲಿಂದಲೇ ಕೂಗಿದರು, "ಬಂತು, ಬಂತು, ಮೊಬೈಲಲ್ಲಿ ಅವನ ಮೂಗು ಕಾಣ್ತದೆ!"

ಕಾರಣ ಗಾಜಿನ ಓರೆ. ಕಾರಿನ ಮುಂಗಾಜು ನೆಲಕ್ಕೆ ಸುಮಾರು 30 ಡಿಗ್ರಿಯಷ್ಟೇ ಎದ್ದಿರುತ್ತದೆ, ಮಲಗಿದ ಹಾಗೆ. ಎದುರಿನ ಕ್ಯಾಮೆರಾ ಅದರಲ್ಲಿ ನೋಡುವುದು ನೆತ್ತಿಯ ಮೇಲಿನ ಆಕಾಶವನ್ನು, ಅದೂ ಸ್ವಲ್ಪ ಕಾರಿನ ಹಿಂಬದಿಗೆ ವಾಲಿದ ಆಕಾಶವನ್ನು. ಲಾರಿ, ಬಸ್ಸಿನ ಗಾಜು ಹೆಚ್ಚುಕಡಿಮೆ ಗೋಡೆಯ ಹಾಗೆ ನಿಂತಿರುತ್ತದೆ. ಅದರಲ್ಲಿ ಕ್ಯಾಮೆರಾಕ್ಕೆ ಕಾಣುವುದು ತನ್ನದೇ ಬೆನ್ನ ಹಿಂದಿನ ನೋಟ. ಬೆನ್ನ ಹಿಂದೆ ಪಡುವಣ ಇದ್ದರೆ ಸಂಜೆ ಸೂರ್ಯನೇ ಕಾಣುತ್ತಾನೆ.

ಆ ಗೇಟಿನಲ್ಲಿ ಆದದ್ದು ಅದೇ. ಕ್ಯಾಮೆರಾ ನೈಋತ್ಯದ ಮೂಲೆಯಲ್ಲಿತ್ತು. ಲಾರಿಯ ಗಾಜು 10 ಡಿಗ್ರಿ ಹಿಂದೆ ವಾಲಿದೆ, ಕ್ಯಾಮೆರಾ ಲಾರಿಗಿಂತ 5 ಡಿಗ್ರಿ ಮೇಲಿದೆ ಅಂತ ಲೆಕ್ಕ ಹಾಕಿದರೆ, ಕನ್ನಡಿ ತೋರಿಸುವುದು 15 ಡಿಗ್ರಿ ಎತ್ತರದ ಆಕಾಶ. ನಮ್ಮ ಕಡೆ ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಇರುತ್ತಾನೆ. ಡಿಸೆಂಬರಿನಲ್ಲಿ ಕಾರವಾರದಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಮುಳುಗುತ್ತಾನೆ, ಹಾಗಾಗಿ 5 ಗಂಟೆ ಆಸುಪಾಸಿಗೆ ಹೊಳಪು. ಮೀನಿನ ಲಾರಿ ಬರುವುದೂ ಅದೇ ಹೊತ್ತಿಗೆ.

"ಜೂನ್‌ನಲ್ಲಿ ಹಾಕಿಸಿದಾಗ ಚೆನ್ನಾಗೇ ಇತ್ತಲ್ಲ, ಆರೇ ತಿಂಗಳಿಗೆ ಕೆಟ್ಟಿತು" ಅಂತ ಮಾಲೀಕರಿಗೆ ಬೇಸರ. ಅದಕ್ಕೂ ಉತ್ತರ ಆಕಾಶದಲ್ಲೇ ಇತ್ತು. ಕಾರವಾರದಲ್ಲಿ ಜೂನ್ ಕೊನೆಗೆ ಸೂರ್ಯ ನೇರ ಪಡುವಣಕ್ಕಿಂತ ಸುಮಾರು 24 ಡಿಗ್ರಿ ಬಡಗಣಕ್ಕೆ ಮುಳುಗುತ್ತಾನೆ, ಡಿಸೆಂಬರ್ ಕೊನೆಗೆ ಅಷ್ಟೇ ಡಿಗ್ರಿ ತೆಂಕಣಕ್ಕೆ. ಕೈ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಹತ್ತಿರ ಹತ್ತಿರ 10 ಡಿಗ್ರಿ. ಅಂದರೆ ಆರು ತಿಂಗಳಲ್ಲಿ ಸೂರ್ಯ ಮುಳುಗುವ ಜಾಗ ಐದು ಮುಷ್ಟಿಯಷ್ಟು ಸರಿಯುತ್ತದೆ. ಒಂದು ಸೀಸನ್ನಿನಲ್ಲಿ ಮಾತ್ರ ಬಂದು, ತಾನೇ ಹೋಗಿ, ಮರುವರ್ಷ ಅದೇ ತಿಂಗಳಿಗೆ ವಾಪಸ್ ಬರುವ ದೂರು ಇದ್ದರೆ ಕ್ಯಾಮೆರಾ ಬಿಚ್ಚಲೇಬೇಡಿ. ದಿಕ್ಕು ನೋಡಿ.

ಲಾರಿಗೆ ಮದ್ದು ಹೀಗೆ. ಕ್ಯಾಮೆರಾವನ್ನು ಒಂದು ಬದಿಗೆ ಸರಿಸಿದರೆ ಕನ್ನಡಿಯ ನೋಟ ಇನ್ನೊಂದು ಬದಿಗೆ ಸರಿಯುತ್ತದೆ. ಲಾರಿ ನಿಲ್ಲುವುದು ಕ್ಯಾಮೆರಾದಿಂದ 8 ಮೀಟರ್ ದೂರದಲ್ಲಿ. ನಾನು ಕ್ಯಾಮೆರಾವನ್ನು 4 ಮೀಟರ್ ತೆಂಕಣಕ್ಕೆ, ಕಂಪೌಂಡ್ ಗೋಡೆಯ ಮೂಲೆಗೆ ತಂದೆ. ಅಷ್ಟಕ್ಕೆ ನೋಟ 27 ಡಿಗ್ರಿಯಷ್ಟು ತಿರುಗಿತು. ಈಗ ಲಾರಿಯ ಗಾಜಿನಲ್ಲಿ ಸೂರ್ಯನ ಬದಲು ಪಕ್ಕದ ಗಾಳಿ ಮರಗಳ ಸಾಲು ಕಾಣುತ್ತದೆ. ಆ ಮರಗಳು ಕಪ್ಪು ಹಸಿರು. ಕಪ್ಪು ಕಂಡಲ್ಲಿ ಗಾಜು ಮತ್ತೆ ಕಿಟಕಿಯಾಗುತ್ತದೆ. ಖರ್ಚು ಒಂದು ಕಂಬ, ಸ್ವಲ್ಪ ಕೇಬಲ್ಲು.

ಮರದ ವಿಷಯ ನನಗೆ ಮೊದಲು ಹೊಳೆದದ್ದು ಶಿರಸಿ ಹತ್ತಿರದ ಒಂದು ಅಡಿಕೆ ಗೋದಾಮಿನಲ್ಲಿ. ಗೇಟಿನ ಮೇಲೆ ದೊಡ್ಡ ಹಲಸಿನ ಮರ. ಕಾರಿನ ಗಾಜಿನಲ್ಲಿ ಎಲೆಗಳ ಪ್ರತಿಬಿಂಬ ಬಿದ್ದಲ್ಲೆಲ್ಲ ಒಳಗಿನವರ ಮುಖ, ಎಲೆಗಳ ಸಂದಿಯಿಂದ ಆಕಾಶ ಇಣುಕಿದಲ್ಲೆಲ್ಲ ಬಿಳಿ ಚುಕ್ಕೆ. ಅರ್ಧ ಮೀಸೆ ಕಾಣುತ್ತಿತ್ತು, ಅರ್ಧ ಇಲ್ಲ. ಅಲ್ಲಿ ಮಾಲೀಕರು ಅಡಿಕೆ ದಬ್ಬೆಯ ಒಂದು ಚಪ್ಪರ ಎತ್ತಿಸಿ ಮೇಲೆ ಸೋಗೆ ಹಾಸಿದರು, ಬಿಳಿ ಚುಕ್ಕೆಗಳೆಲ್ಲ ಹೋದವು.

ಕಾರಿಗೆ ಮದ್ದು ಮೇಲೊಂದು ಮಾಡು, ಅಂದರೆ ಚಾವಣಿ. ಅದನ್ನು ಹಾಕುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಗಾಜಿನ ನೇರ ಮೇಲೆ ಮಾತ್ರ ಹಾಕುತ್ತಾರೆ. ಕನ್ನಡಿ ನೋಡುವುದು ಹಿಂಬದಿಗೆ ವಾಲಿದ ಆಕಾಶ ಅಂದೆನಲ್ಲ. ಮಾಡು 5 ಮೀಟರ್ ಎತ್ತರ ಇದ್ದರೆ, ಗಾಜಿನಿಂದ ಕಾರಿನ ಹಿಂಬದಿಗೆ ಸುಮಾರು 2 ಮೀಟರ್ ಆಚೆಯ ಜಾಗವೇ ಕನ್ನಡಿಯಲ್ಲಿ ಕಾಣುವುದು. ಹಾಗಾಗಿ ಗಾಜಿನ ಮೇಲಿಂದ ಶುರುವಾಗಿ ಹಿಂದಕ್ಕೆ 4 ಮೀಟರ್ ಆದರೂ ಮಾಡು ಇರಲಿ. ಬಿಳಿ ಅಥವಾ ನೀಲಿ ಶೀಟ್ ಬೇಡ, ಬೆಳಕು ಸೋಸುವ ಫೈಬರ್ ಶೀಟ್ ಅಂತೂ ಬೇಡವೇ ಬೇಡ, ಅದು ಆಕಾಶಕ್ಕಿಂತ ಕಮ್ಮಿ ಏನೂ ಹೊಳೆಯುವುದಿಲ್ಲ. ತಗಡಿನ ಶೀಟಾದರೆ ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಸಿ. ದುಡ್ಡಿಲ್ಲದಿದ್ದರೆ ನರ್ಸರಿಗೆ ಹಾಕುವ ಕಪ್ಪು ಶೇಡ್ ನೆಟ್ ಎರಡು ಪದರ ಕಟ್ಟಿ. ಮಳೆಗಾಲದ ಗಾಳಿಗೆ ಅದು ಹರಿಯುತ್ತದೆ.

ಪೋಲರೈಸರ್: ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ

ಮಾಡು ಹಾಕಲು ಆಗದ ಜಾಗಕ್ಕೆ ಪೋಲರೈಸರ್ ಅನ್ನುವ ಫಿಲ್ಟರ್ ಇದೆ. ಗಾಜಿನಿಂದ ಓರೆಯಾಗಿ ವಾಪಸ್ ಬರುವ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಅಲುಗಾಡುತ್ತದೆ. ಮಲಗಿದ ಗಾಜಾದರೆ ಅಡ್ಡಡ್ಡ. ಒಂದು ನಿರ್ದಿಷ್ಟ ಓರೆಯಲ್ಲಂತೂ ವಾಪಸ್ ಬಂದದ್ದು ಪೂರ್ತಿ ಅಡ್ಡವೇ ಆಗಿರುತ್ತದೆ. ಗಾಜಿಗೆ ಅದು ಸುಮಾರು 56 ಡಿಗ್ರಿ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರಲ್ಲಿ ಇದರ ನಿಯಮ ಹೇಳಿದ, ಅವನ ಹೆಸರೇ ಆ ಕೋನಕ್ಕೆ ಇದೆ. ಉದ್ದುದ್ದ ಅಲುಗುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ಲೆನ್ಸಿನ ಮುಂದೆ ಹಾಕಿದರೆ ಹೊಳಪು ಹೊರಗೇ ಉಳಿಯುತ್ತದೆ, ಒಳಗಿನ ಮುಖದ ಬೆಳಕಿನಲ್ಲಿ ಒಂದು ಪಾಲು ದಾಟಿ ಬರುತ್ತದೆ.

ನಮ್ಮ ಅದೃಷ್ಟಕ್ಕೆ 30 ಡಿಗ್ರಿ ಎದ್ದ ಕಾರಿನ ಗಾಜನ್ನು ಹೆಚ್ಚುಕಡಿಮೆ ನೇರ ಎದುರಿನಿಂದ, 5 ಡಿಗ್ರಿಯಷ್ಟೇ ಮೇಲಿನಿಂದ ನೋಡಿದರೆ ಓರೆ 55 ಡಿಗ್ರಿ ಆಗುತ್ತದೆ. ಹೇಳಿ ಮಾಡಿಸಿದ ಹಾಗೆ. ಅದೇ ಕ್ಯಾಮೆರಾವನ್ನು ಎತ್ತರದ ಕಂಬದ ಮೇಲೆ ಇಟ್ಟು 30 ಡಿಗ್ರಿ ಮೇಲಿನಿಂದ ನೋಡಿದರೆ ಓರೆ 30ಕ್ಕೆ ಇಳಿಯುತ್ತದೆ, ಆಗ ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ಮುಖದ ಬೆಳಕಿಗೆ ಹೋಲಿಸಿದರೆ ಅರ್ಧಕ್ಕಿಂತ ಜಾಸ್ತಿ ಹೊಳಪು ಹಾಗೇ ಉಳಿಯುತ್ತದೆ. "ಫಿಲ್ಟರ್ ಹಾಕಿದೆ, ಕೆಲಸ ಮಾಡಲಿಲ್ಲ" ಅನ್ನುವವರ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಅಂತ ಮೊದಲು ಕೇಳುತ್ತೇನೆ. ಕೆಳಗೆ ಇಳಿಸಿ, ಸ್ವಲ್ಪ ದೂರ ಇಡಿ, ಜೂಮ್ ಮಾಡಿ. ಕೈಗೆ ಎಟುಕುತ್ತದೆ ಅನ್ನುವ ಭಯ ಇದ್ದರೆ ಕಬ್ಬಿಣದ ಗೂಡು ಮಾಡಿಸಿ.

ನಿಂತ ಗಾಜಿನ ಲಾರಿಗೆ ಎದುರಿನಿಂದ ಪೋಲರೈಸರ್ ಏನೂ ಮಾಡುವುದಿಲ್ಲ, ಅಲ್ಲಿ ಓರೆಯೇ ಇಲ್ಲ. ಇನ್ನೊಂದು, ಮುಂಗಾಜಿಗೆ ಸರಿಯಾಗಿ ತಿರುಗಿಸಿದ ಫಿಲ್ಟರ್ ಬಾಗಿಲಿನ ಗಾಜಿಗೆ ತಿರುಗುಮುರುಗು ಕೆಲಸ ಮಾಡುತ್ತದೆ. ಬಾಗಿಲಿನ ಗಾಜು ನಿಂತಿರುತ್ತದೆ, ಅದನ್ನು ಪಕ್ಕದಿಂದ ಓರೆಯಾಗಿ ನೋಡಿದಾಗ ಹೊಳಪಿನ ಬೆಳಕು ಉದ್ದುದ್ದ ಅಲುಗುತ್ತದೆ. ಹಾಗಾಗಿ ಮುಂದಿನ ಗಾಜು ತಿಳಿಯಾಗಿ ಪಕ್ಕದ ಗಾಜು ಬೆಳ್ಳಗಾದರೆ ಅದು ದೋಷವಲ್ಲ. ಎರಡೂ ಬೇಕಿದ್ದರೆ ಎರಡು ಕ್ಯಾಮೆರಾ ಬೇಕು. ನಾಲ್ಕು ದಿಕ್ಕಿನ ಪೋಲರೈಸರನ್ನು ಸೆನ್ಸರಿನ ಪಿಕ್ಸೆಲ್‌ಗಳ ಮೇಲೇ ಕೂರಿಸಿದ ಸೆನ್ಸರ್‌ಗಳೂ ಇವೆ, ಸೋನಿಯ ಪೋಲಾರ್‌ಸೆನ್ಸ್ ಅಂಥದ್ದು. ಆದರೆ ಅವು ಕಾರ್ಖಾನೆಯ ಕೆಲಸಕ್ಕೆ ಹಾಕುವ ಕ್ಯಾಮೆರಾಗಳಲ್ಲಿ ಬರುತ್ತವೆ, ಮೀನಿನ ಗೇಟಿಗೆ ಅದು ಬೇಕಿಲ್ಲ.

ಕೊಳ್ಳುವ ಮೊದಲು ಕೂಲಿಂಗ್ ಗ್ಲಾಸಿನಲ್ಲಿ ಪರೀಕ್ಷೆ ಮಾಡಿ. ಅದು ನಿಜವಾಗಿ ಪೋಲರೈಸ್ಡ್ ಹೌದಾ ಅಂತ ತಿಳಿಯಲು ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು ತಿರುಗಿಸಿ, ಒಂದು ಕಡೆ ಪರದೆ ಕಪ್ಪಾಗಬೇಕು. ಆಮೇಲೆ ಕ್ಯಾಮೆರಾ ಇರುವ ಜಾಗದಲ್ಲೇ ನಿಂತು, ಮೊಬೈಲ್ ಕ್ಯಾಮೆರಾದ ಮುಂದೆ ಅದನ್ನು ಹಿಡಿದು ನಿಧಾನಕ್ಕೆ ತಿರುಗಿಸುತ್ತಾ ಗಾಜನ್ನು ನೋಡಿ. ಹೊಳಪು ಎದ್ದು ಬಿದ್ದು ಮಾಡಿದರೆ ಫಿಲ್ಟರ್ ಕೆಲಸ ಮಾಡುತ್ತದೆ. ಎಷ್ಟು ತಿರುಗಿಸಿದರೂ ಒಂದೇ ತರ ಇದ್ದರೆ ದುಡ್ಡು ಹಾಕಬೇಡಿ.

ಫಿಲ್ಟರ್ ಹಾಕಿದ ಮೇಲೆ ಹಿಂದಿನ ಗಾಜಿನಲ್ಲೋ ಬಾಗಿಲಿನ ಗಾಜಿನಲ್ಲೋ ಸಾಲು ಸಾಲು ಕಪ್ಪು ಚುಕ್ಕೆ, ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಗಾಬರಿ ಬೇಡ. ಆ ಗಾಜುಗಳನ್ನು ಕಾಯಿಸಿ, ಗಾಳಿ ಊದಿ ದಿಢೀರ್ ತಣಿಸಿ ಗಟ್ಟಿ ಮಾಡಿರುತ್ತಾರೆ. ಆಗ ಒಳಗೆ ಉಳಿದ ಬಿಗಿತ ಪೋಲರೈಸರ್ ಮೂಲಕ ಕಾಣುತ್ತದೆ. ಎರಡು ಹಾಳೆಯ ನಡುವೆ ಪ್ಲಾಸ್ಟಿಕ್ ಪದರ ಕೂರಿಸಿದ ಮುಂಗಾಜಿನಲ್ಲಿ ಸಾಮಾನ್ಯವಾಗಿ ಇದು ಬರುವುದಿಲ್ಲ.

ಫಿಲ್ಟರನ್ನು ಹೌಸಿಂಗಿನ (ಕ್ಯಾಮೆರಾದ ಹೊರಪೆಟ್ಟಿಗೆ) ಒಳಗೆ, ಲೆನ್ಸಿಗೇ ಹಾಕಿ. ಲೆನ್ಸ್ ಬದಲಿಸಬಹುದಾದ ಬಾಕ್ಸ್ ಕ್ಯಾಮೆರಾ ಆದರೆ ಇದು ಸುಲಭ. ಕೊಳವೆಯಾಕಾರದ ಬುಲೆಟ್ ಕ್ಯಾಮೆರಾದ ಹೊರಗಾಜಿಗೆ ಪೋಲರೈಸರ್ ಹಾಳೆ ಅಂಟಿಸಿದರೆ ನಮ್ಮ ಉಪ್ಪು ಗಾಳಿಗೆ, ಮಳೆಗೆ ಒಂದು ಸೀಸನ್ನೂ ಬಾಳುವುದಿಲ್ಲ. ಸರಿಯಾದ ಕೋನ ಸಿಕ್ಕಿದ ಮೇಲೆ ಫಿಲ್ಟರಿನ ಬಳೆಯ ಮೇಲೂ ಲೆನ್ಸಿನ ಮೇಲೂ ಸೇರುವ ಹಾಗೆ ಬಣ್ಣದ ಒಂದು ಗೀಟು ಹಾಕಿ. ಮುಂದೆ ಯಾರೋ ಒರೆಸುವಾಗ ತಿರುಗಿಸಿದರೂ ವಾಪಸ್ ಕೂರಿಸಬಹುದು.

ಚೆನ್ನಾಗಿದ್ದ ಫಿಲ್ಟರ್ ಒಮ್ಮೆಲೇ ಕೈ ಕೊಟ್ಟರೆ

ಈ ದೋಷ ಹಿಡಿಯಲು ನನಗೆ ಎರಡು ದಿನ ಬೇಕಾಯಿತು. ಅದೇ ಐಸ್ ಪ್ಲಾಂಟಿನಲ್ಲಿ ಕಾರುಗಳಿಗೆ ಅಂತ ಇನ್ನೊಂದು ಕ್ಯಾಮೆರಾಕ್ಕೆ ಪೋಲರೈಸರ್ ಹಾಕಿದ್ದೆ. ಚೆನ್ನಾಗಿ ನಡೆಯುತ್ತಿತ್ತು. ಮಳೆಗಾಲ ಮುಗಿದು ಸೆಪ್ಟೆಂಬರಿನಲ್ಲಿ ಬಿಸಿಲು ಬಂದಾಗ ಮತ್ತೆ ಬಿಳುಪು. ಗೀಟು ಗೀಟಿಗೆ ಸೇರಿತ್ತು, ಗಾಜು ಚೊಕ್ಕಟ ಇತ್ತು, ಎತ್ತರ ಅದೇ. ಫಿಲ್ಟರ್ ತೆಗೆದು ಹಾಕಿದರೂ ಚಿತ್ರದಲ್ಲಿ ಅಂಥ ವ್ಯತ್ಯಾಸ ಇಲ್ಲ.

ಕೊನೆಗೆ ಕಣ್ಣಿಗೆ ಬಿದ್ದದ್ದು ಗೋಡೆಯ ಪಕ್ಕದ ಮಾವಿನ ಮರ. ಮೊಬೈಲಿನ ಲೈವ್‌ನಲ್ಲಿ ಅದರ ಎಲೆಗಳು ಹಸಿರಾಗಿ ಇರಲಿಲ್ಲ, ಬಿಳಚಿಕೊಂಡ ನೇರಳೆ ಬಣ್ಣ. ತಲೆ ಎತ್ತಿ ಮರ ನೋಡಿದೆ, ಮಳೆಗೆ ತೊಳೆದ ಕಡು ಹಸಿರು. ಆಗ ಗೊತ್ತಾಯಿತು. ಎಲೆಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಕಳಿಸುತ್ತವೆ. ಹಗಲಿನಲ್ಲಿ ಆ ಬೆಳಕು ಸೆನ್ಸರಿಗೆ ಹೋಗದ ಹಾಗೆ ಕ್ಯಾಮೆರಾದ ಒಳಗೆ ಒಂದು ಸಣ್ಣ ಗಾಜಿನ ತುಂಡು ಅಡ್ಡ ಬರುತ್ತದೆ, ರಾತ್ರಿ ಅದು ಸರಿದು ಹೋಗುತ್ತದೆ. ಅದಕ್ಕೆ ಐಆರ್ ಕಟ್ ಅನ್ನುತ್ತಾರೆ. ಮಳೆಗಾಲದ ತೇವಕ್ಕೆ ಅದು ರಾತ್ರಿಯ ಜಾಗದಲ್ಲೇ ಸಿಕ್ಕಿಕೊಂಡಿತ್ತು. ನಾವು ಹಾಕುವ ಮಾಮೂಲಿ ಪೋಲರೈಸರ್ ಕಣ್ಣಿಗೆ ಕಾಣುವ ಬೆಳಕಿಗೆ ಮಾತ್ರ. ಇನ್‌ಫ್ರಾರೆಡ್‌ಗೆ ಅದು ಬರೀ ಗಾಜು. ಅಡ್ಡವೋ ಉದ್ದವೋ ಎಲ್ಲವನ್ನೂ ಬಿಡುತ್ತದೆ. ಹಾಗಾಗಿ ಹೊಳಪು ಇನ್‌ಫ್ರಾರೆಡ್ ದಾರಿಯಲ್ಲಿ ಒಳಗೆ ನುಗ್ಗುತ್ತಿತ್ತು.

ಪರೀಕ್ಷೆ ಸುಲಭ. ಸೆಟ್ಟಿಂಗಿನಲ್ಲಿ ಡೇ, ನೈಟ್ ಅಂತ ಕೈಯಿಂದ ಬದಲಿಸಿ, ಕಿವಿಯನ್ನು ಕ್ಯಾಮೆರಾ ಹತ್ತಿರ ಇಟ್ಟು ಕೇಳಿ. ಪ್ರತಿ ಸಲ "ಟಿಕ್" ಅಂತ ಸದ್ದು ಬರಬೇಕು. ಬರದಿದ್ದರೆ ಸಿಕ್ಕಿಕೊಂಡಿದೆ. ಹತ್ತು ಹದಿನೈದು ಸಲ ಆಚೀಚೆ ಮಾಡಿದರೆ ಕೆಲವೊಮ್ಮೆ ಬಿಡಿಸಿಕೊಳ್ಳುತ್ತದೆ. ನನ್ನದು ಹನ್ನೆರಡನೇ ಸಲಕ್ಕೆ ಟಿಕ್ ಅಂತು, ಮಾವಿನ ಮರ ಹಸಿರಾಯಿತು, ಕಾರಿನೊಳಗೆ ಕೂತವರು ಕಂಡರು. ಆಮೇಲೆ ಹೌಸಿಂಗ್ ಬಿಚ್ಚಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕೇಬಲ್ ಬರುವ ತೂತನ್ನು ಸರಿಯಾಗಿ ಮುಚ್ಚಿದೆ. ಗೇಟಿನ ಚಿತ್ರದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಹಸಿರು ಗಿಡ ಬರುವ ಹಾಗೆ ಈಗ ಬೇಕಂತಲೇ ಇಡುತ್ತೇನೆ.

ಹೊಳಪಿಲ್ಲ, ಒಳಗೆ ಬರೀ ಕತ್ತಲು

ಇದು ಎಕ್ಸ್‌ಪೋಷರ್. ಕ್ಯಾಮೆರಾ ಇಡೀ ಚಿತ್ರದ ಬೆಳಕು ನೋಡಿ ಲೆಕ್ಕ ಹಾಕುತ್ತದೆ. ಬಿಸಿಲಿನ ಕಾಂಕ್ರೀಟು, ಬಿಳಿ ಬಾನೆಟ್ಟು ನೋಡಿ ಕಣ್ಣು ಕಿರಿದು ಮಾಡಿಕೊಂಡರೆ ಗಾಜಿನೊಳಗೆ ಕತ್ತಲೇ. ಸೆಟ್ಟಿಂಗಿನಲ್ಲಿ ಬೆಳಕಿನ ಅಳತೆಯ ಚೌಕವನ್ನು ಮುಂಗಾಜು ಬರುವ ಜಾಗಕ್ಕೆ ಮಾತ್ರ ಎಳೆದು ಕೂರಿಸಿ. ಹೊರಗಿನ ರಸ್ತೆ ಬೆಳ್ಳಗಾದರೆ ಆಗಲಿ, ಅದಕ್ಕೆ ಬೇರೆ ಕ್ಯಾಮೆರಾ ಇದೆಯಲ್ಲ. ಆದರೆ ಶಟರ್ ನಿಧಾನ ಮಾಡಿ ಬೆಳಕು ತುಂಬಿಸಲು ಹೋಗಬೇಡಿ. 20 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಸೆಕೆಂಡಿನ 50ನೇ ಒಂದು ಪಾಲಿನಲ್ಲಿ 11 ಸೆಂಟಿಮೀಟರ್ ಮುಂದೆ ಬಂದಿರುತ್ತದೆ, ಮುಖ ಕಲಸಿಹೋಗುತ್ತದೆ. 500ನೇ ಒಂದು ಪಾಲು ಇಟ್ಟರೆ ಒಂದು ಸೆಂಟಿಮೀಟರ್ ಚಿಲ್ಲರೆ, ಸಾಕು. ಪೋಲರೈಸರ್ ಅರ್ಧಕ್ಕಿಂತ ಜಾಸ್ತಿ ಬೆಳಕು ತಿನ್ನುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ. ಎಲ್ಲಕ್ಕಿಂತ ಒಳ್ಳೆಯದು ಗೇಟಿನ ಮುಂದೆ ಒಂದು ಹಂಪ್.

ಎಕ್ಸ್‌ಪೋಷರ್ ಸರಿ ಇದ್ದೂ ಕತ್ತಲಾದರೆ ಫಿಲ್ಮ್ ಹಾಕಿದ ಗಾಜು. ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜು ಕನಿಷ್ಠ 70 ಪಾಲು, ಪಕ್ಕದ ಗಾಜು 50 ಪಾಲು ಬೆಳಕು ಬಿಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ವಿರುದ್ಧ ಆದೇಶ ಕೊಟ್ಟಿದ್ದೂ ಇದೇ ನಿಯಮದ ಆಧಾರದ ಮೇಲೆ. ಅಂಥ ಗಾಡಿ ಬಂದರೆ ಕ್ಯಾಮೆರಾ ಜತೆ ಗುದ್ದಾಡಬೇಡಿ, ಗಾಜು ಇಳಿಸಿ ಅಂತ ವಾಚ್‌ಮನ್ ಹೇಳಲಿ.

ಥರ್ಮಲ್ ಕ್ಯಾಮೆರಾ ಹಾಕಿದರೆ ಗಾಜಿನಾಚೆ ಕಾಣುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೈ ಬಿಸಿಯನ್ನು ನೋಡುವ ಥರ್ಮಲ್ ಕ್ಯಾಮೆರಾ 8ರಿಂದ 14 ಮೈಕ್ರಾನ್ ಬೆಳಕಿನಲ್ಲಿ ನೋಡುತ್ತದೆ, ಮಾಮೂಲಿ ಗಾಜು ಅದಕ್ಕೆ ಗೋಡೆ ಇದ್ದ ಹಾಗೆ. ನಿಜವಾಗಿ ಕೆಲಸ ಮಾಡುವ ದೊಡ್ಡ ವ್ಯವಸ್ಥೆ ಬೇರೆ ಇದೆ. 940 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ ಫ್ಲಾಶ್ ಹೊಡೆದು, ಅದೇ ಕ್ಷಣಕ್ಕೆ ಶಟರ್ ತೆರೆದು ಮುಚ್ಚಿ, ಅಷ್ಟೇ ಬಣ್ಣದ ಬೆಳಕು ಬಿಡುವ ಫಿಲ್ಟರ್ ಇಡುವುದು. ಬಿಸಿಲಿನಲ್ಲಿರುವ ಆ ಬಣ್ಣದ ಬೆಳಕನ್ನು ಗಾಳಿಯಲ್ಲಿರುವ ನೀರಿನ ಆವಿ ಸ್ವಲ್ಪ ಹೀರಿಕೊಂಡಿರುತ್ತದೆ, ಹಾಗಾಗಿ ಫ್ಲಾಶ್ ಗೆಲ್ಲುತ್ತದೆ. ಆದರೆ ಬಿಸಿ ತಡೆಯುವ ಲೇಪನದ ಗಾಜು ಬಂದರೆ ಅದೂ ಮಂಕಾಗುತ್ತದೆ. ಬೆಲೆಯೂ ನಮ್ಮ ಗೇಟುಗಳಿಗೆ ಹೊಂದುವಂಥದ್ದಲ್ಲ.

ವಾಚ್‌ಮನ್ ನಿಲ್ಲುವ ಜಾಗ

ಕ್ಯಾಮೆರಾ ಸರಿಸುವ ಮೊದಲು, ಆ ಡಿಸೆಂಬರಿನಲ್ಲೇ, ಮಾಲೀಕರನ್ನು ಸಂಜೆ 5ಕ್ಕೆ ಗೇಟಿಗೆ ಕರೆದೆ. ಒಂದು ಲಾರಿ ನಿಲ್ಲಿಸಿ ಮೊಬೈಲ್ ತೋರಿಸಿದೆ. ಗಾಜು ಪೂರ್ತಿ ಬಿಳಿ. ಆಮೇಲೆ ಅವರನ್ನು ವಾಚ್‌ಮನ್ ನಿಲ್ಲುವ ಜಾಗದಲ್ಲಿ, ಲಾರಿಯ ಬಲಬದಿಯಲ್ಲಿ ನಿಲ್ಲಿಸಿದೆ. ಅಲ್ಲಿಂದ ನೋಡಿದರೆ ಅದೇ ಗಾಜಿನಲ್ಲಿ ಶೆಡ್ಡಿನ ಕಪ್ಪು ಗೋಡೆ ಕಾಣುತ್ತಿತ್ತು, ಅದರೊಳಗೆ ಡ್ರೈವರ್ ಮುಖ, ಕೊರಳಿನ ಟವೆಲ್ ಸಮೇತ ಸ್ಪಷ್ಟ. ಕ್ಯಾಮೆರಾಕ್ಕೆ ಕಾಣದ್ದು ಆ ಮನುಷ್ಯನಿಗೆ ಕಂಡಿತ್ತು. ಮಾಲೀಕರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ವಾಚ್‌ಮನ್ ಕಡೆ ತಿರುಗಿ, "ಅವತ್ತು ನೀವು ಹೇಳಿದ್ದನ್ನ ಇನ್ನೊಂದ್ಸಲ ಹೇಳಿ" ಅಂದರು.

ಈಗ ಲಾರಿಗಳ ಚಿತ್ರ ಚೆನ್ನಾಗಿ ಬರುತ್ತಿದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ ಸೂರ್ಯ ನೇರ ಪಡುವಣಕ್ಕೆ, ಅಂದರೆ ಗಾಳಿ ಮರಗಳ ಹಿಂದೆಯೇ ಇಳಿಯುತ್ತಾನೆ. ಎರಡೂ ತಿಂಗಳು ಹೋಗಿ ನಿಂತು ನೋಡಿದೆ, ಮರಗಳು ತಡೆಯುತ್ತಿವೆ. ವಾಚ್‌ಮನ್ ಹತ್ತಿರ ನನ್ನ ನಂಬರ್ ಬರೆದುಕೊಟ್ಟು ಒಂದೇ ಮಾತು ಹೇಳಿ ಬಂದಿದ್ದೇನೆ. ಆ ಸಾಲಿನಲ್ಲಿ ಒಂದು ಮರ ಕಡಿದರೂ ಅದೇ ದಿನ ಫೋನ್ ಮಾಡಿ.